ಲಿಂಕ್ಡ್‌ಇನ್‌: ಹೆಸರಿನ ಕೆಳಗಿನ ಆ ಒಂದು ಸಾಲು

ಕೆಲಸ ಹುಡುಕುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಲಿಂಕ್ಡ್‌ಇನ್‌ ಹೆಡ್‌ಲೈನ್‌ ಇವತ್ತೇ ತಿದ್ದಿ. ಅಲ್ಲಿ 220 ಅಕ್ಷರಗಳಿಗೆ ಜಾಗವಿದೆ. ಬಹಳ ಜನ ‘ಉದ್ಯೋಗಾಕಾಂಕ್ಷಿ’ ಎಂದಷ್ಟೇ ಬರೆದು ಬಿಟ್ಟುಬಿಡುತ್ತಾರೆ, ನಿಮಗೆ ಏನು ಬರುತ್ತದೆ ಅಂತ ನೋಡಿದವರಿಗೆ ತಿಳಿಯುವುದೇ ಇಲ್ಲ. ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅದರ ಬದಲು ‘ಅಕೌಂಟೆಂಟ್, ಜಿಎಸ್‌ಟಿ ರಿಟರ್ನ್ಸ್, ಟ್ಯಾಲಿ, 3 ವರ್ಷ ಅನುಭವ’ ಅಂತ ಹಾಕಿ, ಇಂಗ್ಲಿಷ್‌ನಲ್ಲೇ ಹಾಕಿ. ಎಚ್‌ಆರ್‌ನವರು ಹುಡುಕುವುದು ಇಂಥ ಪದಗಳನ್ನೇ. ಯಾರದೋ ಪೋಸ್ಟಿಗೆ ಕಮೆಂಟ್ ಮಾಡಿದಾಗಲೂ ನಿಮ್ಮ ಹೆಸರಿನ ಕೆಳಗೆ ಈ ಸಾಲೇ ಕಾಣುತ್ತದೆ.

ಪ್ರೊಫೈಲಿನಲ್ಲಿ ನಿಮ್ಮ ಪರಿಚಯ ಹೇಳುವ ಭಾಗವಾದ ‘ಅಬೌಟ್‌’ನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಣ್ಣಿಗೆ ಬೀಳುತ್ತವೆ. ನೀವೇ ಮಾಡಿ ಮುಗಿಸಿದ ಒಂದು ಕೆಲಸವನ್ನು ಅಲ್ಲೇ ಹೇಳಿ.

ಈಗಿನ ಆಫೀಸಿಗೆ ಗೊತ್ತಾಗಬಾರದೇ? ನೀವು ಕೆಲಸ ಹುಡುಕುತ್ತಿದ್ದೀರಿ ಎಂದು ತೋರಿಸುವ ‘ಓಪನ್ ಟು ವರ್ಕ್’ ಸೆಟ್ಟಿಂಗ್ ಅನ್ನು ರಿಕ್ರೂಟರ್‌ಗಳಿಗಷ್ಟೇ ಕಾಣುವಂತೆ ಇಡಿ. ಆದರೂ ಪೂರ್ತಿ ಗುಟ್ಟಾಗಿ ಉಳಿಯುವ ಖಾತ್ರಿ ಇಲ್ಲ, ನೆನಪಿರಲಿ.