ಕ್ರೂಗರ್ ಕಾಡಿಗೆ ನೀವೇ ಕಾರು ಓಡಿಸಿಕೊಂಡು ಹೋಗುವುದಾದರೆ

ಊರಿನಿಂದ ಜೋಹಾನ್ಸ್‌ಬರ್ಗ್‌ಗೆ ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ನೋಡಲೇಬೇಕು. ಬಂದವರು "ಸಫಾರಿ ಜೀಪು ಬುಕ್ ಮಾಡಿದ್ದೀಯಾ?" ಅಂತ ಕೇಳುತ್ತಾರೆ. ನಾನು ಹುಣಸೂರಿನವಳು, ನಾಗರಹೊಳೆಯಲ್ಲಿ ಇಲಾಖೆಯ ಜೀಪು, ಬಸ್ಸಿನಲ್ಲೇ ಕಾಡು ನೋಡಿದವಳು. ಇಲ್ಲಿ ಆ ಕಟ್ಟುಪಾಡು ಇಲ್ಲ. ಬಾಡಿಗೆ ಕಾರು ತಗೊಂಡು, ಗೇಟಿನಲ್ಲಿ ಹಣ ಕಟ್ಟಿ, ದಿನವಿಡೀ ನೀವೇ ಓಡಾಡಬಹುದು. ರಸ್ತೆ ನಿಯಮವೂ ನಮ್ಮದೇ, ಎಡಗಡೆ ಓಡಿಸುವುದು. ಆದರೆ ಪಕ್ಕದಲ್ಲಿ ಗೈಡ್ ಇರುವುದಿಲ್ಲ. ಆನೆ ಎದುರಾದಾಗ ನಿಲ್ಲಬೇಕೋ ಹಿಂದೆ ಹೋಗಬೇಕೋ ಅನ್ನುವುದನ್ನು ಸ್ಟೀರಿಂಗ್ ಹಿಡಿದವರೇ ತೀರ್ಮಾನ ಮಾಡಬೇಕು. ಅದಕ್ಕೇ ಇಲ್ಲಿ ಆನೆಯ ವಿಷಯ ಜಾಸ್ತಿ ಬರೆದಿದ್ದೇನೆ.

ಮೊದಲು ತಯಾರಿ, ಚುಟುಕಾಗಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣ ಕಾಲ, ಇಲ್ಲಿ ಚಳಿಯೂ ಆಗಲೇ. ಹುಲ್ಲು ಕುಗ್ಗಿರುತ್ತದೆ, ಪ್ರಾಣಿಗಳು ನೀರಿನ ಹತ್ತಿರ ಬರುತ್ತವೆ, ಸೊಳ್ಳೆಯೂ ಕಡಿಮೆ. ಹಾಗಂತ ಮಲೇರಿಯಾ ಇಲ್ಲವೇ ಇಲ್ಲ ಅಂತಲ್ಲ, ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಬೆಳಗಿನ ಚಳಿಗೆ ಸ್ವೆಟರ್, ಟೋಪಿ ಬೇಕೇ ಬೇಕು. ಪಾರ್ಕಿನ ಒಳಗಿನ ಕ್ಯಾಂಪ್‌ಗಳಲ್ಲಿ ರೂಮು ಸಿಗಬೇಕಾದರೆ ತಿಂಗಳುಗಟ್ಟಲೆ ಮೊದಲೇ ಇಲ್ಲಿನ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ ಸ್ಯಾನ್‌ಪಾರ್ಕ್ಸ್ ವೆಬ್‌ಸೈಟಿನಲ್ಲಿ ಬುಕ್ ಮಾಡಿ. ಕಾರು ಆಟೋಮ್ಯಾಟಿಕ್ ಆಗಿದ್ದರೆ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ.

ಎಲ್ಲರೂ ಎಡವುವುದು ದೂರದ ಲೆಕ್ಕದಲ್ಲಿ. ಪಾರ್ಕು ಹತ್ತಿರ ಹತ್ತಿರ 20,000 ಚದರ ಕಿ.ಮೀ. ಇದೆ. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿ.ಮೀ. ಮಿತಿ. ಅಲ್ಲಲ್ಲಿ ನಿಂತು ನೋಡಿಕೊಂಡು ಹೋದರೆ ಗಂಟೆಗೆ 20, 25 ಕಿ.ಮೀ. ಸಾಗಿದರೆ ಹೆಚ್ಚು. ಸ್ಕುಕುಜಾ ಕ್ಯಾಂಪಿನಿಂದ ಸತಾರಾ ಕ್ಯಾಂಪಿಗೆ ಸುಮಾರು 90 ಕಿ.ಮೀ., ಅಂದರೆ ಅರ್ಧ ದಿನ ಅಂತಲೇ ಇಟ್ಟುಕೊಳ್ಳಿ. ಅನುಮತಿ ಇರುವ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ವಯಸ್ಸಾದವರು, ಶುಗರ್ ಇರುವವರು, ಮಕ್ಕಳು ಜೊತೆಗಿದ್ದರೆ ಟಾಯ್ಲೆಟ್ ಎಲ್ಲೆಲ್ಲಿದೆ ಅಂತ ನಕ್ಷೆಯಲ್ಲಿ ಮೊದಲೇ ಗುರುತು ಹಾಕಿ. ಸ್ಕುಕುಜಾದಿಂದ ಸತಾರಾಗೆ ಹೋಗುವ ದಾರಿಯ ಮಧ್ಯೆ ತ್ಶೊಕ್ವಾನೆ ಪಿಕ್ನಿಕ್ ತಾಣ ಸಿಗುತ್ತದೆ. ಮೊದಲ ಸಲ ಹೋಗುವವರು ಸ್ಕುಕುಜಾದಿಂದ ಲೋಯರ್ ಸಾಬಿಗೆ ಹೋಗುವ ಎಚ್4-1 ರಸ್ತೆ ಹಿಡಿಯಿರಿ. ಸಾಬಿ ನದಿಯ ಪಕ್ಕದಲ್ಲೇ ಸಾಗುತ್ತದೆ. ಲೋಯರ್ ಸಾಬಿ ಹತ್ತಿರದ ಸನ್‌ಸೆಟ್ ಡ್ಯಾಮಿನಲ್ಲಿ ಕಾರಿನಲ್ಲಿ ಕೂತೇ ನೀರುಕುದುರೆ, ಮೊಸಳೆ ನೋಡಬಹುದು. ಅಲ್ಲಿ ಸುಮ್ನೆ ಒಂದು ಗಂಟೆ ಕೂತವರಿಗೆ, ನೂರು ಕಿ.ಮೀ. ಸುತ್ತಿದವರಿಗಿಂತ ಜಾಸ್ತಿ ಕಂಡಿರುತ್ತದೆ.

ಸಿಂಹ, ಚಿರತೆ ಬೇಕು ಅಂತ ಎಲ್ಲರೂ ಅವನ್ನೇ ಹುಡುಕುತ್ತಾರೆ. ನೀವು ಜಿಂಕೆಯಂಥ ಇಂಪಾಲಾಗಳನ್ನು ನೋಡಿ. ಇಡೀ ಹಿಂಡು ಮೇಯುವುದು ಬಿಟ್ಟು ಒಂದೇ ಕಡೆ ನೋಡುತ್ತಾ, ಮೂಗಿನಿಂದ ಬುಸ್ ಅಂತ ಸದ್ದು ಮಾಡುತ್ತಿದ್ದರೆ ಅಲ್ಲೇ ನಿಲ್ಲಿ, ಕಿಟಕಿ ಸ್ವಲ್ಪ ಇಳಿಸಿ ಕಿವಿಗೊಡಿ. ನಮ್ಮ ಕಾಡಲ್ಲಿ ಜಿಂಕೆಯ ಕೂಗು ಕೇಳಿ ಹುಲಿ ಪತ್ತೆ ಮಾಡುತ್ತಾರಲ್ವಾ, ಇದೂ ಹಾಗೇ.

ಈಗ ಆನೆ. ನಮ್ಮ ಕಡೆ ಕೋರೆ ಕಂಡರೆ ಗಂಡು ಅನ್ನುತ್ತೇವೆ. ಆಫ್ರಿಕಾದಲ್ಲಿ ಹೆಣ್ಣಿಗೂ ಕೋರೆ ಇರುತ್ತದೆ. ಹಣೆಯನ್ನು ಪಕ್ಕದಿಂದ ನೋಡಿ: ಗಂಡಿನದು ಗುಂಡಗಿರುತ್ತದೆ, ಹೆಣ್ಣಿನದು ಕಣ್ಣಿನ ಮೇಲೆ ಮಡಚಿದ ಹಾಗೆ ಮೂಲೆಯಾಗಿರುತ್ತದೆ. ಇದು ಗೊತ್ತಿದ್ದರೆ ಎದುರಿಗಿರುವುದು ಮರಿಗಳಿರುವ ಹಿಂಡೋ, ಒಂಟಿ ಸಲಗವೋ ಅಂತ ಬೇಗ ತಿಳಿಯುತ್ತದೆ.

ಹಿಂಡಾದರೆ ಕನಿಷ್ಠ ಐವತ್ತು ಮೀಟರ್ ದೂರದಲ್ಲೇ ನಿಲ್ಲಿಸಿ. ರಸ್ತೆಯ ಎರಡೂ ಬದಿ ನೋಡಿ. ತಾಯಿ ಈ ಕಡೆ, ಮರಿ ಆ ಕಡೆ ಇದ್ದರೆ ನಡುವೆ ನುಗ್ಗಲೇಬೇಡಿ. ಎಲ್ಲ ದಾಟಿದವು ಅನ್ನಿಸಿದ ಮೇಲೂ ಕಾಯಿರಿ, ಪೊದೆಯ ಹಿಂದೆ ಇನ್ನೂ ಒಂದೆರಡು ಉಳಿದಿರುತ್ತವೆ. ಕಿವಿ ನಿಧಾನಕ್ಕೆ ಬೀಸುತ್ತಾ, ಬಾಲ ಆಡಿಸುತ್ತಾ ಮೇಯುತ್ತಿದ್ದರೆ ಆನೆಗೆ ನಿಮ್ಮಿಂದ ತೊಂದರೆ ಇಲ್ಲ. ಮೇಯುವುದು ನಿಲ್ಲಿಸಿ, ತಲೆ ಎತ್ತಿ, ಕಿವಿ ಅಗಲಿಸಿ ನಿಮ್ಮನ್ನೇ ನೋಡಿದರೆ ನೀವು ಹತ್ತಿರವಾಗಿದ್ದೀರಿ. ಮುಂಗಾಲನ್ನು ಸುಮ್ನೆ ಹಿಂದೆ ಮುಂದೆ ಆಡಿಸುತ್ತಿದ್ದರೆ ಏನು ಮಾಡಲಿ ಅಂತ ಅದು ಯೋಚಿಸುತ್ತಿದೆ. ಆಗಲೇ ನಿಧಾನಕ್ಕೆ ಹಿಂದೆ ಸರಿಯಿರಿ. ಹಾರ್ನ್ ಬೇಡ, ಇಂಜಿನ್ ರೇಸ್ ಮಾಡುವುದೂ ಬೇಡ. ಕಿವಿ ಅಗಲಿಸಿ, ಘೀಳಿಟ್ಟು, ಧೂಳೆಬ್ಬಿಸಿ ನುಗ್ಗುವುದು ಸಾಮಾನ್ಯವಾಗಿ ಹೆದರಿಸುವುದಕ್ಕೆ. ಕಿವಿ ಹಿಂದಕ್ಕೆ ಅಂಟಿಸಿ, ಸೊಂಡಿಲು ಒಳಗೆ ಸುತ್ತಿಕೊಂಡು, ತಲೆ ತಗ್ಗಿಸಿ ಬರುವುದು ನಿಜವಾದ ದಾಳಿ. ಯಾವುದು ಯಾವುದು ಅಂತ ಕೂತು ನೋಡುವುದಕ್ಕೆ ಪುರಸೊತ್ತು ಇರುವುದಿಲ್ಲ, ಆದ್ದರಿಂದ ಅಲ್ಲಿಯವರೆಗೆ ಹೋಗಗೊಡಬೇಡಿ.

ಮದ ಬಂದ ಸಲಗಕ್ಕೆ ನೂರು ಮೀಟರೂ ಕಡಿಮೆಯೇ. ಒಮ್ಮೆ ಲೆಟಾಬಾ ಕ್ಯಾಂಪಿನ ಹತ್ತಿರ ಹಿಂದಿನ ಸೀಟಲ್ಲಿ ನಮ್ಮತ್ತೆ, ನಾನು ಡ್ರೈವಿಂಗ್. ತಿರುವಿನಲ್ಲಿ ಸಲಗ ಟಾರು ರಸ್ತೆಯ ನಡುವೆಯೇ ನಡೆದು ಬರುತ್ತಿತ್ತು, ತಲೆ ಎತ್ತಿಕೊಂಡು, ಅವಸರವೇ ಇಲ್ಲ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕಣ್ಣಿಗೂ ಕಿವಿಗೂ ನಡುವಿನಿಂದ ಎಣ್ಣೆಯಂಥ ಕಪ್ಪು ಗೆರೆ ದವಡೆಯವರೆಗೆ ಇಳಿದಿತ್ತು. ಹಿಂಗಾಲಿನ ಒಳಭಾಗ ಹಸಿಯಾಗಿ ಹೊಳೆಯುತ್ತಿತ್ತು, ಮೂತ್ರ ಹನಿಹನಿಯಾಗಿ ತೊಟ್ಟಿಕ್ಕುತ್ತಲೇ ಇತ್ತು. "ಮದ ಬಂದಿದೆ ಕಣೇ, ಹಿಂದೆ ತಗೋ," ಅಂದರು ಅತ್ತೆ. ಎಚ್.ಡಿ. ಕೋಟೆಯಲ್ಲಿ ಹುಟ್ಟಿ ಬೆಳೆದವರು ಅವರು, ಬೈನಾಕ್ಯುಲರೂ ಬೇಕಾಗಲಿಲ್ಲ. ನಮ್ಮ ಹಿಂದಿದ್ದ ಕಾರುಗಳೂ ರಿವರ್ಸ್ ಹಾಕಿದವು. ಸಲಗ ನಡೆದಷ್ಟೂ ನಾವೆಲ್ಲ ಸಾಲಾಗಿ ಹಿಂದೆ ಹಿಂದೆ. ಕೊನೆಗೆ ಅದು ಮೊಪಾನಿ ಮರಗಳ ಕಡೆ ತಿರುಗಿ ಇಳಿಯಿತು. ಗಾಳಿಯಲ್ಲಿ ಗಾಟು ವಾಸನೆ ಬಹಳ ಹೊತ್ತು ಇತ್ತು.

ಕೆನ್ನೆ ಒದ್ದೆಯಾಗುವುದು ಗಾಬರಿಯಾದ ಆನೆಗೂ ಆಗುತ್ತದೆ, ಹೆಣ್ಣಿಗೂ ಆಗುತ್ತದೆ. ಅದರ ಜೊತೆ ಗಂಡಿನ ಹಿಂಗಾಲೂ ಒದ್ದೆ ಇದ್ದರೆ ಮದ ಅಂತ ತಿಳಿಯಿರಿ. ಆಟೋಮ್ಯಾಟಿಕ್ ಕಾರು ಅಂದಿದ್ದು ಇದಕ್ಕೇ: ರಿವರ್ಸ್‌ನಲ್ಲಿ ಕ್ಲಚ್ ಬಿಡುವ ಗಾಬರಿಯಲ್ಲಿ ಇಂಜಿನ್ ಆಫ್ ಆಗಬಾರದು. ಊರು ಬಿಡುವ ಮುಂಚೆ ಖಾಲಿ ರಸ್ತೆಯಲ್ಲಿ ಇನ್ನೂರು ಮೀಟರ್ ನೇರವಾಗಿ ರಿವರ್ಸ್ ಹೋಗುವುದನ್ನು ಅಭ್ಯಾಸ ಮಾಡಿ. ಮುಂದಿನ ಕಾರಿಗೆ ಅಂಟಿಕೊಂಡು ನಿಲ್ಲಿಸಬೇಡಿ, ಅವರಿಗೂ ಹಿಂದೆ ಬರಲು ಜಾಗ ಬೇಕು.

ಕಾಲ್ನಡಿಗೆಯ ಆಸೆ ಇದ್ದರೆ ಕ್ಯಾಂಪಿನ ರಿಸೆಪ್ಶನ್‌ನಲ್ಲಿ ಬೆಳಗಿನ ನಡಿಗೆಗೆ ಹೆಸರು ಕೊಡಿ. ಬಂದೂಕು ಹಿಡಿದ ಇಬ್ಬರು ಗೈಡ್‌ಗಳ ಜೊತೆ ಎಂಟು ಜನರವರೆಗೆ ಕರೆದುಕೊಂಡು ಹೋಗುತ್ತಾರೆ. ಮಣ್ಣಿನ ಬಣ್ಣದ ಬಟ್ಟೆ ಹಾಕಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಮಾತು ಬೇಡ. ಏನೇ ಬಂದರೂ ಓಡಬೇಡಿ, ಗೈಡ್ ಹೇಳಿದಷ್ಟು ಮಾಡಿ.

ಊಟಕ್ಕೆ ನಾನು ಜೋಹಾನ್ಸ್‌ಬರ್ಗ್‌ನ ಫೋರ್ಡ್ಸ್‌ಬರ್ಗ್‌ನ ಅಂಗಡಿಗಳಿಂದ ಅಕ್ಕಿ, ಬೇಳೆ, ಅವಲಕ್ಕಿ ಕಟ್ಟಿಕೊಂಡು ಹೋಗುತ್ತೇನೆ. ಕ್ಯಾಂಪಿನ ಬಹಳಷ್ಟು ಗುಡಿಸಲುಗಳಲ್ಲಿ ಒಲೆ, ಫ್ರಿಜ್ ಇರುತ್ತವೆ. ಜಗಲಿಯಲ್ಲಿ ಫ್ರಿಜ್ ಇದ್ದರೆ ಚಿಲಕ ಹಾಕಿ, ಇಲ್ಲಿನ ದೊಡ್ಡ ಕೋತಿಗಳಾದ ಬಬೂನ್‌ಗಳಿಗೆ ಬಾಗಿಲು ತೆಗೆಯಲು ಬರುತ್ತದೆ. ಅವಕ್ಕೆ ಒಂದು ಬಾಳೆಹಣ್ಣನ್ನೂ ಕೊಡಬೇಡಿ. ರುಚಿ ಕಂಡ ಬಬೂನ್ ಜನರ ಮೇಲೆ ಬೀಳುತ್ತದೆ, ಆಮೇಲೆ ಅದನ್ನು ಕೊಲ್ಲಬೇಕಾಗುತ್ತದೆ.

ಘೇಂಡಾಮೃಗ ಕಂಡರೆ ಕಣ್ತುಂಬ ನೋಡಿ. ಯಾವ ರಸ್ತೆಯಲ್ಲಿ ಕಂಡಿತು ಅಂತ ಮಾತ್ರ ಎಲ್ಲೂ ಹಾಕಬೇಡಿ, ಫೋಟೋದಲ್ಲಿ ಲೊಕೇಶನ್ ಆಫ್ ಮಾಡಿ. ಕೊಂಬಿಗಾಗಿ ಕೊಲ್ಲುವವರು ಅದನ್ನೂ ನೋಡುತ್ತಾರೆ. ಇದನ್ನು ದಯವಿಟ್ಟು ಪಾಲಿಸಿ.

ಗೇಟು ಮುಚ್ಚುವ ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಇಲ್ಲಿನ ಚಳಿಗಾಲದಲ್ಲಿ, ಮೇಯಿಂದ ಜುಲೈವರೆಗೆ, ಸಂಜೆ 5.30ಕ್ಕೇ ಮುಚ್ಚುತ್ತಾರೆ, ತಡವಾದರೆ ದಂಡ. ಕ್ಯಾಂಪ್ ತಲುಪಲು ಬೇಕಾದ ಸಮಯಕ್ಕೆ ಇನ್ನೊಂದು ಗಂಟೆ ಸೇರಿಸಿ ಹೊರಡಿ. ಆ ಗಂಟೆ ಆನೆಗಳಿಗೆ. ಅವು ದಾರಿಯಲ್ಲಿದ್ದರೆ ಗೇಟಿನ ಚಿಂತೆಗೆ ನುಗ್ಗಿಸಬೇಡಿ, ಪರ್ಮಿಟ್ ಕಾಗದದಲ್ಲಿರುವ ತುರ್ತು ನಂಬರ್‌ಗೆ ಫೋನ್ ಮಾಡಿ ತಡವಾಗುತ್ತದೆ ಅಂತ ಹೇಳಿ.