ನೋಟಿಸ್ ಪೇ ಮೇಲೆ ಪಿಎಫ್, ಇಎಸ್‌ಐ ಹಿಡಿಯಬಹುದಾ? ಕೊನೆಯ ಲೆಕ್ಕದ ಚೀಟಿ ಹೀಗೆ ನೋಡಿ

ಕಂಪನಿ ಕೆಲಸದಿಂದ ತೆಗೆದಾಗ ಕೊಡುವ ಫೈನಲ್ ಸೆಟ್ಲ್‌ಮೆಂಟ್ ಚೀಟಿಯಲ್ಲಿ ಬಹಳ ಜನ ಕೆಳಗಿನ ಮೊತ್ತ ಮಾತ್ರ ನೋಡಿ ಸಹಿ ಹಾಕಿಬಿಡುತ್ತಾರೆ. ಆ ಹೊತ್ತಿಗೆ ಮನಸ್ಸು ಎಲ್ಲೋ ಇರುತ್ತದೆ, ಅರ್ಥವಾಗುತ್ತದೆ. ಆದರೂ ನೋಟಿಸ್ ಪೇ, ಅಂದರೆ ನೋಟಿಸ್ ಅವಧಿಗೆ ಕೊಡುವ ಹಣ ಅನ್ನೋ ಸಾಲನ್ನು ಮಾತ್ರ ಬಿಡಬೇಡಿ. ಅದರ ಮೇಲೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಹಿಡಿದಿದ್ದಾರಾ ನೋಡಿ. ಹಿಡಿಯಬೇಕೋ ಬೇಡವೋ ಅನ್ನೋದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಆ ದಿನಗಳಲ್ಲಿ ನೀವು ಇನ್ನೂ ಆ ಕಂಪನಿಯ ನೌಕರರಾಗಿದ್ದಿರಾ, ಇಲ್ವಾ?

ಹಾಗಾಗಿ ಮೊದಲು ರಿಲೀವಿಂಗ್ ಲೆಟರ್ ತೆಗೆದು ಕೊನೆಯ ದಿನಾಂಕ ಓದಿ.

ಒಂದು ತಿಂಗಳು ನೋಟಿಸ್ ಕೊಟ್ಟು, ಆ ತಿಂಗಳು ಪೂರ್ತಿ ಕೆಲಸ ಮಾಡಿಸಿಕೊಂಡರೆ ಅದು ಮಾಮೂಲಿ ಸಂಬಳ. ಪಿಎಫ್ ಇದೆ, ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅದೂ ಇದೆ. 'ಆಫೀಸಿಗೆ ಬರೋದು ಬೇಡ, ಮನೆಯಲ್ಲೇ ಇರಿ, ತಿಂಗಳ ಕೊನೆವರೆಗೂ ನೀವು ನಮ್ಮ ನೌಕರರೇ' ಅಂದರೂ ಅಷ್ಟೇ. ಕೆಲಸ ಮಾಡದೇ ಇದ್ದರೂ ಹೆಸರು ಕಂಪನಿಯ ನೌಕರರ ಪಟ್ಟಿಯಲ್ಲಿದೆ, ಕಟ್ಟಬೇಕು. ಆದರೆ 'ಇವತ್ತೇ ಕೊನೆ ದಿನ, ನೋಟಿಸ್ ಬದಲು ಒಂದು ತಿಂಗಳ ಸಂಬಳ ತಗೊಳ್ಳಿ' ಅಂದರೆ ಲೆಕ್ಕ ಬೇರೆ. ಇಲ್ಲಿ ಉದ್ಯೋಗ ಮುಗಿದಿದೆ, ಕೊಡುತ್ತಿರೋದು ನೋಟಿಸ್ ಕೊಡದೇ ಇದ್ದದ್ದಕ್ಕೆ ಪರಿಹಾರ. ಅದರ ಮೇಲೆ ವಂತಿಗೆ ಬರುವುದಿಲ್ಲ.

ಇದಕ್ಕೆ ಆಧಾರ ಏನು? 1952ರ ಪಿಎಫ್ ಕಾಯ್ದೆಯಲ್ಲಿ ಮೂಲ ವೇತನ (ಬೇಸಿಕ್) ಅಂದರೆ ಕೆಲಸದಲ್ಲಿದ್ದಾಗ, ಅಥವಾ ಸಂಬಳ ಸಹಿತ ರಜೆಯಲ್ಲಿದ್ದಾಗ ದುಡಿದದ್ದು. ಉದ್ಯೋಗವೇ ಮುಗಿದ ಮೇಲಿನ ದಿನಗಳಿಗೆ ಇವೆರಡೂ ಅನ್ವಯಿಸುವುದಿಲ್ಲ ಅಲ್ವಾ? ಉಳಿದ ರಜೆಗೆ ಕೊಡುವ ಹಣವೂ ಮೂಲ ವೇತನ ಅಲ್ಲ, ಅದರ ಮೇಲೆ ಪಿಎಫ್ ಇಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಮಣಿಪಾಲ್ ಅಕಾಡೆಮಿ ಪ್ರಕರಣದಲ್ಲಿ ಹೇಳಿದೆ. ಇಎಸ್‌ಐಗೂ ಇದೇ ತರ್ಕ. ಗ್ರಾಚ್ಯುಟಿಯನ್ನಂತೂ ಇಎಸ್‌ಐ ಕಾಯ್ದೆಯೇ ವೇತನದಿಂದ ಹೊರಗಿಟ್ಟಿತ್ತು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ವೇತನದ ವ್ಯಾಖ್ಯೆ ಬದಲಾಗಿದೆ. 'ಹೊಸ ಕಾನೂನು ಬಂತು, ಈಗ ಎಲ್ಲದಕ್ಕೂ ಪಿಎಫ್' ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ ಮಿಕ್ಕಿದ್ದನ್ನು ವೇತನಕ್ಕೆ ಸೇರಿಸಬೇಕು ಅನ್ನೋದು ಹೊಸ ನಿಯಮ, ನಿಜ. ಆದರೆ ಗ್ರಾಚ್ಯುಟಿ, ರಿಟ್ರೆಂಚ್‌ಮೆಂಟ್ (ಕೆಲಸದಿಂದ ತೆಗೆದದ್ದರ) ಪರಿಹಾರ, ಕೆಲಸ ಮುಗಿದಾಗ ಕಂಪನಿ ತಾನಾಗಿ ಕೊಡುವ ಎಕ್ಸ್‌ಗ್ರೇಷಿಯಾ ಇವೆಲ್ಲ ವೇತನದಿಂದ ಹೊರಗೇ ಇವೆ, ಆ ಅರ್ಧದ ಲೆಕ್ಕಕ್ಕೂ ಬರುವುದಿಲ್ಲ. ಆ ಪಟ್ಟಿಯಲ್ಲಿ ನೋಟಿಸ್ ಪೇ ಹೆಸರು ಹಿಡಿದು ಬರೆದಿಲ್ಲ. ಅದಕ್ಕೇ ಚೀಟಿಯಲ್ಲಿ ಅದನ್ನು ಸಂಬಳದ ಜೊತೆ ಕಲಸದೆ, 'ನೋಟಿಸ್ ಬದಲಿಗೆ ಕೊಟ್ಟ ಮೊತ್ತ' ಅಂತ ಬೇರೆ ಸಾಲಿನಲ್ಲೇ ಬರೆಸಿಕೊಳ್ಳಿ.

ಇಂಟರ್‌ನೆಟ್‌ನಲ್ಲಿ ಹುಡುಕುವಾಗಲೂ ಯಾವ ದೇಶದ ಉತ್ತರ ಅಂತ ನೋಡಿ. ಬ್ರಿಟನ್‌ನಲ್ಲಿ 2018ರ ಏಪ್ರಿಲ್‌ನಿಂದ ಇಂಥ ಹಣದ ಮೇಲೆ ನ್ಯಾಷನಲ್ ಇನ್ಶೂರೆನ್ಸ್ (ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ) ಹಿಡಿಯುತ್ತಾರೆ. ಅದನ್ನು ಓದಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ.

ಈಗ ಒಂದು ಲೆಕ್ಕ. ಬೇಸಿಕ್ 15,000, ಎಲ್ಲ ಸೇರಿ 18,000 ರೂಪಾಯಿ ಸಂಬಳ ಅನ್ನಿ. 30 ದಿನದ ತಿಂಗಳು, 10ನೇ ತಾರೀಕಿಗೆ ಕೆಲಸ ಮುಗಿಯಿತು. ಹತ್ತು ದಿನದ ಬೇಸಿಕ್ 5,000, ಅದರ ಶೇ. 12 ಅಂದರೆ 600 ರೂಪಾಯಿ ನಿಮ್ಮ ಪಿಎಫ್, ಕಂಪನಿಯದ್ದೂ ಅಷ್ಟೇ. ಹತ್ತು ದಿನದ ಒಟ್ಟು ಸಂಬಳ 6,000, ಇಎಸ್‌ಐ ನಿಮ್ಮಿಂದ ಶೇ. 0.75ರಂತೆ 45 ರೂಪಾಯಿ, ಕಂಪನಿಯಿಂದ ಶೇ. 3.25ರಂತೆ 195 ರೂಪಾಯಿ. ಇಷ್ಟೇ. ನೋಟಿಸ್ ಪೇ 18,000 ಕೈಗೆ ಬರುವಾಗ ಈ ಎರಡೂ ಕಡಿತ ಇರಬಾರದು. ಚೀಟಿಯಲ್ಲಿ ಪಿಎಫ್ 2,400 ಅಂತ ಇದ್ದರೆ, ನೋಟಿಸ್ ಪೇಯ 15,000 ಬೇಸಿಕ್ ಮೇಲೂ 1,800 ಹಿಡಿದಿದ್ದಾರೆ ಅಂತ ಅರ್ಥ. ಆದಾಯ ತೆರಿಗೆ ಮಾತ್ರ ಬೇರೆ ವಿಷಯ. ನೋಟಿಸ್ ಪೇಯೂ ಸಂಬಳದ ಆದಾಯವೇ, ಒಟ್ಟು ಆದಾಯ ತೆರಿಗೆ ಮಿತಿ ದಾಟಿದರೆ ಟಿಡಿಎಸ್ ಕಡಿತ ಸರಿ.

'ಪಿಎಫ್ ಜಾಸ್ತಿ ಹೋದರೆ ನನ್ನ ಖಾತೆಗೇ ತಾನೇ?' ಅಂತ ಕೇಳುವವರಿದ್ದಾರೆ. ದುಡ್ಡು ನಿಮ್ಮದೇ, ಸರಿ. ಆದರೆ ಕೆಲಸ ಇಲ್ಲದ ತಿಂಗಳಲ್ಲಿ ಬೇಕಾದ ದುಡ್ಡು ಅದು. ಅದಲ್ಲದೆ, ನೋಟಿಸ್ ತಿಂಗಳಿಗೂ ಪಿಎಫ್ ಕಟ್ಟಿ ಕೆಲಸ ಬಿಟ್ಟ ದಿನಾಂಕವನ್ನು ಮುಂದಕ್ಕೆ ಹಾಕಿದರೆ, ನೀವು ಅಷ್ಟರಲ್ಲಿ ಬೇರೆ ಕಡೆ ಸೇರಿದ್ದರೆ, ಎರಡು ಕೆಲಸದ ಅವಧಿ ಒಂದರ ಮೇಲೊಂದು ಬೀಳುತ್ತದೆ. ಆಮೇಲೆ ಪಿಎಫ್ ವರ್ಗಾವಣೆ ಅರ್ಜಿ ಹಾಕಿದಾಗ ಅದಕ್ಕೆ ವಿವರಣೆ ಕೇಳಬಹುದು, ದಿನಾಂಕ ಸರಿಮಾಡಿಸಲು ಹಳೆ ಕಂಪನಿಯ ಹಿಂದೆ ಅಲೆಯಬೇಕಾಗಬಹುದು.

ಇದರ ಉಲ್ಟಾ ಪ್ರಕರಣವೂ ಇದೆ. ನೀವೇ ನೋಟಿಸ್ ಕೊಡದೆ ಬಿಟ್ಟಿರಿ, ಕಂಪನಿ ಒಂದು ತಿಂಗಳ ಹಣ ಮುರಿದುಕೊಂಡಿತು. ಆಗ ದುಡಿದ ದಿನಗಳ ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟಬೇಕು, ಮುರಿದ ಮೇಲೆ ಉಳಿದದ್ದರ ಮೇಲೆ ಅಲ್ಲ. ಸಂಬಳ ಸಾಲದು ಅಂತ ನಿಮ್ಮ ಪಿಎಫ್ ಖಾತೆಯ ಹಣಕ್ಕೆ ಕೈ ಹಾಕುವ ಹಕ್ಕು ಕಂಪನಿಗೆ ಇಲ್ಲ. ಕಂಪನಿಯ ಪಾಲಿನ ವಂತಿಗೆಯನ್ನು ನಿಮ್ಮ ಲೆಕ್ಕದಿಂದ ಕಡಿಯುವಂತೆಯೂ ಇಲ್ಲ.

ತಪ್ಪು ಕಂಡರೆ ಫೋನ್‌ನಲ್ಲಿ ವಾದ ಮಾಡಬೇಡಿ, ಎಚ್‌ಆರ್‌ಗೆ ಇಮೇಲ್ ಹಾಕಿ. ಇಷ್ಟು ಸಾಕು:

'ನನ್ನ ಕೊನೆಯ ಕೆಲಸದ ದಿನ ಇಂಥ ತಾರೀಕು. ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ನೋಟಿಸ್ ಪೇ ಮೇಲೆ ಇಷ್ಟು ರೂಪಾಯಿ ಪಿಎಫ್, ಇಷ್ಟು ಇಎಸ್‌ಐ ಕಡಿತವಾಗಿದೆ. ಆ ಅವಧಿಯಲ್ಲಿ ನಾನು ಉದ್ಯೋಗದಲ್ಲಿ ಇರಲಿಲ್ಲ. ದಯವಿಟ್ಟು ಕಡಿತ ಹಿಂತಿರುಗಿಸಿ, ಇಲ್ಲವೇ ಯಾವ ನಿಯಮದಡಿ ಹಿಡಿದಿದ್ದೀರಿ ಎಂದು ಬರಹದಲ್ಲಿ ತಿಳಿಸಿ.'

ಅದರ ಜೊತೆಗೆ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಚೀಟಿಯಲ್ಲಿ ಕಡಿದು ಖಾತೆಗೆ ಕಟ್ಟದೇ ಇದ್ದರೆ ಅದು ಇನ್ನೂ ದೊಡ್ಡ ತಪ್ಪು, ನೇರವಾಗಿ ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಹಾಕಿ, ಚೀಟಿಯ ಪ್ರತಿ ಲಗತ್ತಿಸಿ. ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ರಿಲೀವಿಂಗ್ ಲೆಟರ್‌ಗೆ ಹೊಂದುತ್ತದಾ ಅಂತಲೂ ನೋಡಿ. ಕಂಪನಿ ಅದನ್ನು ಹಾಕದೇ ಬಿಟ್ಟಿದ್ದರೆ ಎರಡು ತಿಂಗಳು ಕಳೆದ ಮೇಲೆ ನೀವೇ ಹಾಕಬಹುದು.