ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತಿದೆಯೇ? ಮೊದಲು ಫೋನ್ ವೈರ್ ನೋಡಿ

ಮೋಡೆಮ್ ಎಂಬ ಸಾಧನದಿಂದ ಫೋನ್ ಲೈನಿನಲ್ಲೇ ನಂಬರ್ ಒತ್ತಿ ಇಂಟರ್ನೆಟ್ ಸೇರುತ್ತಿದ್ದ ಡಯಲ್‌ಅಪ್ ಕಾಲದಲ್ಲಿ ಫೈಲ್ ಇಳಿಯದಿದ್ದರೆ ಬಹಳ ಮಂದಿ ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಿದ್ದರು, ಇಲ್ಲವೇ ಹೊಸ ಮೋಡೆಮ್ ತರುತ್ತಿದ್ದರು. ದೋಷ ಮಾತ್ರ ಗೋಡೆಯ ಸಾಕೆಟ್‌ನಲ್ಲೇ ಕೂತಿರುತ್ತಿತ್ತು.

ಇಂದೂ ಅಂಥ ಲೈನ್ ಬಳಸುವವರಿದ್ದರೆ, ಮೊದಲು ವೇಗದ ಲೆಕ್ಕ. ಪರದೆಯಲ್ಲಿ ‘115200’ ಕಂಡರೆ ಹಿಗ್ಗಬೇಡಿ, ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ವೇಗ. ಲೈನಿನಲ್ಲಿ 33.6 ಕೆಬಿಪಿಎಸ್ (ಸೆಕೆಂಡಿಗೆ ಸಾವಿರ ಬಿಟ್‌ಗಳ ಲೆಕ್ಕ) ಸಿಕ್ಕಿದರೆ ಒಂದು ಎಂಬಿ ಇಳಿಯಲು ಸುಮಾರು ಐದು ನಿಮಿಷ ಬೇಕು. ಅಷ್ಟರಲ್ಲಿ ಇಳಿಯುತ್ತಿದ್ದರೆ ಮೋಡೆಮ್ ಸರಿಯಾಗಿಯೇ ಇದೆ.

ಇನ್ನು ಲೈನ್. ಇಲ್ಲಿ ಅವಸರ ಬೇಡ. ಪ್ಯಾರಲಲ್ ಫೋನ್, ಕಾಲರ್ ಐಡಿ ಡಬ್ಬಿ, ಫ್ಯಾಕ್ಸ್ ಎಲ್ಲ ಕಿತ್ತು, ಲೈನ್ ಮನೆಯೊಳಕ್ಕೆ ಬರುವ ಮೊದಲ ಸಾಕೆಟ್‌ಗೇ ಗಿಡ್ಡ ವೈರಿನಲ್ಲಿ ಮೋಡೆಮ್ ಸಿಕ್ಕಿಸಿ. ಬಳಿಕ ಅದೇ ಸಾಕೆಟ್‌ಗೆ ಫೋನ್ ಹಾಕಿ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ, ಕಿವಿಗೊಡಿ. ಕರಕರ ಸದ್ದಿದ್ದರೆ ಎಕ್ಸ್‌ಚೇಂಜಿಗೆ ದೂರು ಕೊಡಿ. ಮಳೆ ಬಂದಾಗಲಷ್ಟೇ ಕೇಳಿಸಿದರೆ ಜಾಯಿಂಟಿಗೆ ನೀರು ಇಳಿಯುತ್ತಿದೆ. ಸದ್ದಿಲ್ಲದೆಯೂ ಲೈನ್ ಕಡಿಯುತ್ತಿದ್ದರೆ ಕಾಲ್ ವೇಟಿಂಗ್ ಇದೆಯೇ ನೋಡಿ, ಆ ಒಂದು ‘ಪೀಪ್’ ಸಾಕು. ಅದನ್ನು ತೆಗೆಸುವುದೇ ಮೇಲು. ಆಗದಿದ್ದರೆ ವಿಂಡೋಸ್ 95, 98ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಮೋಡೆಮ್ ಪ್ರಾಪರ್ಟೀಸ್‌ನಲ್ಲಿ ಕನೆಕ್ಷನ್, ಅಡ್ವಾನ್ಸ್ಡ್ ಒತ್ತಿ, ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಜಾಗದಲ್ಲಿ ಎಸ್10=50 ಎಂದು ಬರೆಯಿರಿ. ಸಿಗ್ನಲ್ ಹೋದರೂ ಮೋಡೆಮ್ ಐದು ಸೆಕೆಂಡ್ ಕಾಯುತ್ತದೆ; ಹಲವು ಮೋಡೆಮ್‌ಗಳು ತಾವಾಗಿ ಕಾಯುವುದು 1.4 ಸೆಕೆಂಡ್ ಮಾತ್ರ. ಡಯಲ್ ಟೋನ್ ಇದ್ದೂ ‘ಇಲ್ಲ’ ಎಂದು ಹಟ ಹಿಡಿದರೆ ಅಲ್ಲೇ ಎಕ್ಸ್3 ಸೇರಿಸಿ.

56ಕೆ (56 ಕೆಬಿಪಿಎಸ್) ವೇಗದ ಆಸೆ ಬಿಡಿ. ಹಳೇ ತಾಮ್ರದ ಲೈನಿನಲ್ಲಿ ಮೋಡೆಮ್ ಆ ವೇಗಕ್ಕೆ ಏರುವುದು, ಜಾರುವುದು, ಮತ್ತೆ ಹೊಂದಿಸಿಕೊಳ್ಳುವುದು ಇದರಲ್ಲೇ ಹೊತ್ತು ಹೋಗುತ್ತದೆ. ಮೋಡೆಮ್ ಜೊತೆ ಬಂದ ಪುಸ್ತಕ ನೋಡಿ 33.6ಕ್ಕೆ ಮಿತಿ ಹಾಕಿ, ಒಟ್ಟು ಫೈಲ್ ಬೇಗ ಮುಗಿಯುತ್ತದೆ.

ಮೋಡೆಮ್ ಸೆಟ್ಟಿಂಗ್‌ನಲ್ಲಿ ಫ್ಲೋ ಕಂಟ್ರೋಲ್, ಅಂದರೆ ಡೇಟಾ ತುಂಬಿದಾಗ ‘ತಡಿ’ ಎನ್ನುವ ವ್ಯವಸ್ಥೆ, ‘ಹಾರ್ಡ್‌ವೇರ್’ ಇರಲಿ.

ಅಗ್ಗದ ಇಂಟರ್ನಲ್ ಸಾಫ್ಟ್‌ವೇರ್ ಮೋಡೆಮ್ ತನ್ನ ಕೆಲಸವನ್ನೆಲ್ಲ ಪ್ರೊಸೆಸರ್ ಮೇಲೆ ಹೇರುತ್ತದೆ. ಪಕ್ಕದಲ್ಲಿ ಭಾರದ ಪ್ರೋಗ್ರಾಂ ತೆರೆದರೆ ಲೈನ್ ಬಿದ್ದೀತು. ಲೈಟುಗಳಿರುವ ಎಕ್ಸ್‌ಟರ್ನಲ್ ಮೋಡೆಮ್ ಕೊಳ್ಳಿ. ಸಿಡಿ (ಕ್ಯಾರಿಯರ್ ಡಿಟೆಕ್ಟ್, ಆ ಕಡೆಯ ಸಿಗ್ನಲ್ ಇದೆ ಎಂದು ತೋರಿಸುವ) ಲೈಟ್ ಆರಿದರೆ ಲೈನ್ ಕಡಿದಿದೆ. ಸಿಡಿ ಉರಿಯುತ್ತಿದ್ದು ಆರ್‌ಡಿ (ಡೇಟಾ ಬರುವಾಗ ಮಿಣುಕುವ ಲೈಟ್) ಮಿಣುಕದಿದ್ದರೆ ಆ ಕಡೆಯಿಂದ ಏನೂ ಬರುತ್ತಿಲ್ಲ, ನಿಮ್ಮ ಸೆಟ್ಟಿಂಗ್ ಕೆದಕಬೇಡಿ.

ಇಳಿದ ಜಿಪ್ ತೆರೆಯದಿದ್ದರೆ ಗಾತ್ರ ಹೋಲಿಸಿ. ಮೂಲಕ್ಕಿಂತ ಚಿಕ್ಕದಾದರೆ ನಡುವೆ ಕಡಿದಿದೆ. ದೊಡ್ಡದಾದರೆ ಫೈಲ್ ಇಳಿಸುವ ಎಫ್‌ಟಿಪಿ, ಬರೀ ಅಕ್ಷರಗಳ ಫೈಲಿಗೆ ಮೀಸಲಾದ ಆಸ್ಕಿ ಮೋಡ್‌ನಲ್ಲಿತ್ತು: ಯುನಿಕ್ಸ್ ಸರ್ವರಿನಿಂದ ಬರುವಾಗ ಸಾಲಿನ ಕೊನೆಯೆಂದು ತಿಳಿದಲ್ಲೆಲ್ಲ ಒಂದೊಂದು ಬೈಟ್ ಸೇರಿಸಿರುತ್ತದೆ. ವಿಂಡೋಸ್‌ನ ಎಫ್‌ಟಿಪಿ ಕಮ್ಯಾಂಡ್ ಶುರುವಾಗುವುದೇ ಆಸ್ಕಿಯಲ್ಲಿ. ಮೊದಲು ‘ಬೈನರಿ’ ಕಮ್ಯಾಂಡ್ ಕೊಡಿ.

ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಲು ಗೆಟ್‌ರೈಟ್‌ನಂಥ ಡೌನ್‌ಲೋಡ್ ಮ್ಯಾನೇಜರ್ ಸಾಕು. ‘ವೇಗ ಇಮ್ಮಡಿ’ ಎನ್ನುವ ತಂತ್ರಾಂಶಗಳಿಗೆ ದುಡ್ಡು ಸುರಿಯಬೇಡಿ, ಲೈನ್ ತುಂಬಿ ಹರಿಯುತ್ತಿರುವಾಗ ಇನ್ನೂ ನಾಲ್ಕು ಸಂಪರ್ಕ ತೆರೆದರೂ ಬರುವುದು ಅಷ್ಟೇ. ಸರ್ವರಿಗೆ ಮುಂದುವರಿಸುವ ಸೌಲಭ್ಯವೇ ಇಲ್ಲದಿದ್ದರೆ, ಫೈಲನ್ನು ರಾರ್ (ಜಿಪ್‌ನಂತೆ ಫೈಲ್ ಕುಗ್ಗಿಸುವ ತಂತ್ರಾಂಶ) ಬಳಸಿ 1.4 ಎಂಬಿ ತುಂಡುಗಳಾಗಿ ಮಾಡಿ ಇಡಲು ಕಳಿಸುವವರಿಗೇ ಹೇಳಿ.